ಚಾರ್ಲ್ಸ್‌ಟನ್‌ನಿಂದ ಸೆಲ್ಮಾಗೆ: ಯುದ್ಧ ಸೋತವರ ಸೀಮೆಯಲ್ಲಿ

ಶನಿವಾರ, ಚಾರ್ಲ್ಸ್‌ಟನ್

ಚಾರ್ಲ್ಸ್‌ಟನ್ ತುಂಬಾ ಚೆಂದದ ಊರು, ಅಮೆರಿಕದ ದಕ್ಷಿಣದ ಸೌತ್ ಕ್ಯಾರೊಲಿನಾ ರಾಜ್ಯದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದು ಬೇರೆ ಥರದ್ದು. ತಿಳಿಗುಲಾಬಿ, ಹಳದಿ, ನೀಲಿ ಬಣ್ಣದ ಹಳೇ ಮನೆಗಳು. ಓಣಿ ಓಣಿಯಲ್ಲಿ ಕುದುರೆಗಾಡಿ. ಸಮುದ್ರದ ಗಾಳಿ. ಅಟ್ಲಾಂಟಾದಿಂದ ಐದು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ ನನ್ನ ತಂಗಿಯ ಮಗ ಪಾರ್ಕಿಂಗ್ ಹುಡುಕುತ್ತಾ, "ಮಾಮಾ, ಬ್ಯಾರೇ ಮಂದಿ ಅಮೆರಿಕಾಕ್ಕ ಬಂದ್ರ ಡಿಸ್ನಿ ನೋಡ್ತಾರ, ನೀವು ಗುಲಾಮರ ಸಂತಿ ನೋಡಾಕ ಹೊಂಟೀರಿ" ಅಂದ. ಆದರೂ ರಜೆ ಹಾಕಿ ಬಂದಿದ್ದ, ಅದೇ ದೊಡ್ಡದು.

ಉತ್ತರ ಅಮೆರಿಕಕ್ಕೆ ಆಫ್ರಿಕಾದಿಂದ ಹಿಡಿದು ತಂದವರಲ್ಲಿ ಸುಮಾರು ಶೇ. 40ರಷ್ಟು ಜನ ಇಳಿದದ್ದು ಈ ಬಂದರಿನಲ್ಲಿ ಎಂದು ಲೆಕ್ಕ. ಹಡಗುಗಳು ನಿಲ್ಲುತ್ತಿದ್ದ ಗ್ಯಾಡ್ಸ್‌ಡನ್ಸ್ ವಾರ್ಫ್ ಇದ್ದ ಜಾಗದಲ್ಲಿ 2023ರಲ್ಲಿ ಒಂದು ದೊಡ್ಡ ಮ್ಯೂಸಿಯಂ ತೆರೆದಿದ್ದಾರೆ. ಅದರ ಹೆಸರು ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ. ಕಟ್ಟಡ ನೆಲಕ್ಕೆ ಕೂತಿಲ್ಲ, 13 ಅಡಿ ಎತ್ತರದ ಕಂಬಗಳ ಮೇಲೆ ನಿಂತಿದೆ. ಕೆಳಗೆ ತೆಳುವಾಗಿ ನೀರು ಹರಿಯುವ ಒಂದು ಕೊಳ. ನೀರಿನ ಅಡಿಯಲ್ಲಿ ಒತ್ತೊತ್ತಾಗಿ ಮಲಗಿಸಿದ ಮನುಷ್ಯರ ಆಕಾರಗಳು. ಹಡಗಿನ ಹೊಟ್ಟೆಯಲ್ಲಿ ಅವರನ್ನು ತುಂಬುತ್ತಿದ್ದದ್ದು ಹಾಗೆ.

ಹೊರದೇಶದಿಂದ ಗುಲಾಮರನ್ನು ತರುವುದಕ್ಕೆ 1808ರಲ್ಲೇ ಅಮೆರಿಕ ನಿಷೇಧ ಹಾಕಿತು. ಆದರೂ 1860ರ ಹೊತ್ತಿಗೆ ಗುಲಾಮರ ಸಂಖ್ಯೆ 40 ಲಕ್ಷದ ಹತ್ತಿರ ಬಂದಿತ್ತು. ಹೇಗೆ ಅಂದರೆ, ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಅಪ್ಪ ಯಾರೇ ಆಗಿರಲಿ, ಯಜಮಾನನೇ ಆಗಿರಲಿ. ವರ್ಜೀನಿಯಾ 1662ರಲ್ಲೇ ಈ ಕಾನೂನು ಮಾಡಿತ್ತು. ರೋಮನ್ನರ ಕಾಲದಲ್ಲೂ ಗುಲಾಮರಿದ್ದರು, ಆದರೆ ಅವರನ್ನು ಚರ್ಮ ನೋಡಿ ಗುರುತಿಸುವಂತಿರಲಿಲ್ಲ. ಇಲ್ಲಿ ಬಣ್ಣ ಮತ್ತು ಹುಟ್ಟು ಎರಡನ್ನೂ ಕಾನೂನು ಸೇರಿಸಿ ಹೊಲಿಯಿತು. ಹುಟ್ಟಿನಿಂದಲೇ ಸ್ಥಾನ ಗೊತ್ತಾಗುವ ವ್ಯವಸ್ಥೆ ಎಂಥದ್ದು ಅಂತ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ, ಅಲ್ವಾ?

ಮಧ್ಯಾಹ್ನ ಚಾಮರ್ಸ್ ಸ್ಟ್ರೀಟಿನ ಓಲ್ಡ್ ಸ್ಲೇವ್ ಮಾರ್ಟ್ ನೋಡಿದೆವು. ಮನುಷ್ಯರನ್ನು ನಡುಬೀದಿಯಲ್ಲಿ ಹರಾಜು ಹಾಕುವುದನ್ನು 1856ರಲ್ಲಿ ನಗರದವರು ನಿಲ್ಲಿಸಿದರು. ವ್ಯಾಪಾರ ನಿಲ್ಲಲಿಲ್ಲ. ಬಾಗಿಲ ಒಳಗೆ ಸರಿಯಿತು, ಅಷ್ಟೇ. ಇಂಥ ಒಳಾಂಗಣದ ಸಂತೆಗಳಲ್ಲಿ ಇದೂ ಒಂದು.

ಸಂಜೆ ಹ್ಯಾಂಪ್ಟನ್ ಪಾರ್ಕಿಗೆ ಹೋದೆವು. ಹಿಂದೆ ಅದು ಕುದುರೆ ರೇಸಿನ ಮೈದಾನ. 1861ರಿಂದ 1865ರವರೆಗೆ ಉತ್ತರದ ರಾಜ್ಯಗಳಿಗೂ, ದೇಶ ಬಿಟ್ಟು ‘ಕಾನ್ಫೆಡರೆಸಿ’ ಅನ್ನುವ ಒಕ್ಕೂಟ ಕಟ್ಟಿಕೊಂಡ ದಕ್ಷಿಣದ ರಾಜ್ಯಗಳಿಗೂ ನಡೆದ ಅಂತರ್ಯುದ್ಧದ ಕೊನೆಯಲ್ಲಿ ದಕ್ಷಿಣದವರು ಉತ್ತರದ ಸೈನಿಕರನ್ನು ಸೆರೆಹಿಡಿದು ಅಲ್ಲಿ ಇಟ್ಟಿದ್ದರು. 257 ಜನ ಸತ್ತರು, ಅವರನ್ನು ಗುಂಡಿಗೆ ಹಾಕಿ ಮುಚ್ಚಿದರು. 1865ರ ಮೇ 1ರಂದು, ಸುಮಾರು 10,000 ಮಂದಿ, ಹೆಚ್ಚಿನವರು ಆಗಷ್ಟೇ ಬಿಡುಗಡೆಯಾಗಿದ್ದ ಕಪ್ಪು ಜನ, ಆ ಸಮಾಧಿಗಳಿಗೆ ಹೂವು ತಂದು ಮೆರವಣಿಗೆ ಮಾಡಿದರು. ಯುದ್ಧದಲ್ಲಿ ಸತ್ತ ಸೈನಿಕರನ್ನು ನೆನೆಯುವ ಅಮೆರಿಕದ ಮೆಮೋರಿಯಲ್ ಡೇ ಆಚರಣೆಗಳಲ್ಲಿ ಇದೇ ಮೊದಲಿನದು ಅನ್ನುವ ಇತಿಹಾಸಕಾರರಿದ್ದಾರೆ. ಪಾರ್ಕಿಗೆ ಇಟ್ಟ ಹೆಸರು ಮಾತ್ರ ವೇಡ್ ಹ್ಯಾಂಪ್ಟನ್‌ನದು. ಅವನು ಗುಲಾಮಗಿರಿ ಉಳಿಸಲು ಹೋರಾಡಿದ ಜನರಲ್.

ಭಾನುವಾರ, ಕ್ಯಾಲ್ಹೂನ್ ಬೀದಿ ಮತ್ತು ಮೆಕ್ಲೌಡ್ ತೋಟ

ಬೆಳಗ್ಗೆ ಹೋಟೆಲಿನ ತಿಂಡಿ ಹಾಲ್‌ನಲ್ಲಿ ಒಬ್ಬ ಬಿಳಿ ಹಿರಿಯರು ಸಿಕ್ಕರು. ನಿವೃತ್ತ ಮೇಷ್ಟ್ರು. ನನಗೆ ವಾಫಲ್ ಯಂತ್ರ ಹೇಗೆ ಬಳಸಬೇಕು ಅಂತ ತೋರಿಸಿಕೊಟ್ಟವರೂ ಅವರೇ. ಎಲ್ಲಿಂದ ಬಂದಿರಿ, ಏನು ನೋಡಿದಿರಿ ಅಂತ ವಿಚಾರಿಸಿದರು. ಆಮೇಲೆ ಬಹಳ ಮೃದುವಾಗಿ, "ಯುದ್ಧ ನಡೆದದ್ದು ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ" ಅಂದರು.

ನಾನು ವಾದಕ್ಕೆ ಇಳಿಯಲಿಲ್ಲ. ಆದರೆ ಸೌತ್ ಕ್ಯಾರೊಲಿನಾ 1860ರ ಡಿಸೆಂಬರಿನಲ್ಲಿ ದೇಶ ಬಿಟ್ಟು ಹೋಗುವಾಗ ತನ್ನ ಕಾರಣಗಳನ್ನು ತಾನೇ ಬರೆದಿಟ್ಟಿದೆ. ಅದರಲ್ಲಿನ ದೊಡ್ಡ ದೂರು ಏನು ಗೊತ್ತಾ? ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದು ವಾಪಸ್ ಕೊಡುತ್ತಿಲ್ಲ ಅನ್ನುವುದು. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಇವರಿಗೆ ತೊಂದರೆ. ಮೇಷ್ಟ್ರ ಮಾತು ಹುಟ್ಟಿದ್ದು ಆಮೇಲೆ. ಯುದ್ಧದಲ್ಲಿ ಸತ್ತವರು ಆರು ಲಕ್ಷಕ್ಕೂ ಜಾಸ್ತಿ. ಸೋತವರ ಮನೆಗಳಲ್ಲಿ ಇಷ್ಟೊಂದು ಸಾವಿಗೆ ಒಂದು ಗೌರವದ ಕಾರಣ ಬೇಕಾಯಿತು. 1894ರಲ್ಲಿ ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರೆಸಿ’ ಅನ್ನುವ ಮಹಿಳಾ ಸಂಘ ಹುಟ್ಟಿತು. ಊರೂರಲ್ಲಿ ಪ್ರತಿಮೆ ನಿಲ್ಲಿಸಿತು. ಶಾಲೆಯ ಪುಸ್ತಕಗಳನ್ನು ಜರಡಿ ಹಿಡಿಯಿತು. ಆ ಪುಸ್ತಕ ಓದಿದವರ ಮೊಮ್ಮಕ್ಕಳು ಈಗ ತಿಂಡಿ ಹಾಲ್‌ನಲ್ಲಿ ಸಿಗುತ್ತಾರೆ. ಒಳ್ಳೆಯವರೇ.

ಕಪ್ಪು ಜನರ ಮದರ್ ಇಮ್ಯಾನುಯೆಲ್ ಚರ್ಚು ಬಿಳಿ ಬಣ್ಣದ್ದು, ಎತ್ತರದ ಗೋಪುರ. ಪ್ರಾರ್ಥನೆ ನಡೆಯುತ್ತಿತ್ತು, ಒಳಗೆ ಹೋಗಲಿಲ್ಲ. 2015ರ ಜೂನ್ 17ರಂದು ಬೈಬಲ್ ಓದಲು ಸೇರಿದ್ದವರ ಜೊತೆ 21 ವಯಸ್ಸಿನ ಒಬ್ಬ ಬಿಳಿ ಹುಡುಗ ಸುಮಾರು ಒಂದು ಗಂಟೆ ಕೂತಿದ್ದ. ಆಮೇಲೆ ಪಿಸ್ತೂಲು ತೆಗೆದು ಒಂಬತ್ತು ಜನರನ್ನು ಕೊಂದ. ಕಾನ್ಫೆಡರೇಟ್ ಬಾವುಟ ಹಿಡಿದು ತೆಗೆಸಿಕೊಂಡ ಅವನ ಫೋಟೋಗಳು ಹೊರಬಂದವು. ಅದೇ ಬಾವುಟ ಆಗ ರಾಜ್ಯದ ಶಾಸನಸಭೆಯ ಅಂಗಳದಲ್ಲಿ ಹಾರುತ್ತಿತ್ತು. ಅದು 1865ರಿಂದ ಹಾರುತ್ತಿದ್ದ ಬಾವುಟ ಅಂದುಕೊಂಡರೆ ತಪ್ಪು. ಅದನ್ನು ಏರಿಸಿದ್ದು 1960ರ ದಶಕದ ಶುರುವಿನಲ್ಲಿ. ಯುದ್ಧದ ಶತಮಾನೋತ್ಸವದ ನೆಪ, ಕಪ್ಪು ಜನರ ಹಕ್ಕಿನ ಚಳವಳಿ ಕಾವೇರುತ್ತಿದ್ದ ಹೊತ್ತು. ಒಂಬತ್ತು ಹೆಣ ಬಿದ್ದ ಮೇಲೆ, 2015ರ ಜುಲೈ 10ರಂದು, ಅದನ್ನು ಇಳಿಸಿದರು.

ಆ ಚರ್ಚಿನ ವಿಳಾಸ ಕ್ಯಾಲ್ಹೂನ್ ಸ್ಟ್ರೀಟ್. ಗುಲಾಮಗಿರಿ ಕೆಟ್ಟದ್ದಲ್ಲ, ಅದು ಒಳ್ಳೆಯದೇ ಎಂದು 1837ರಲ್ಲಿ ಸೆನೆಟ್‌ನಲ್ಲಿ ನಿಂತು ವಾದಿಸಿದ ಜಾನ್ ಕ್ಯಾಲ್ಹೂನ್ ಹೆಸರಿನ ಬೀದಿ. ಹತ್ತಿರದ ಚೌಕದಲ್ಲಿದ್ದ ಅವನ ಪ್ರತಿಮೆಯನ್ನು 2020ರಲ್ಲಿ ತೆಗೆದಿದ್ದಾರೆ. ಬೀದಿಯ ಹೆಸರು ಹಾಗೇ ಇದೆ.

ಮಧ್ಯಾಹ್ನ ಜೇಮ್ಸ್ ದ್ವೀಪದ ಮೆಕ್ಲೌಡ್ ತೋಟ. ಸುತ್ತಮುತ್ತ ಇಂಥ ತೋಟಗಳು ಎಷ್ಟೋ ಇವೆ, ಕೆಲವು ಕಡೆ ಜನ ಮದುವೆ ಮಾಡಿಕೊಳ್ಳುತ್ತಾರೆ. ಇಲ್ಲಿನವರು ಮಾತ್ರ ದೊಡ್ಡ ಮನೆಗಿಂತ ಗುಲಾಮರ ಗುಡಿಸಲುಗಳ ಮುಂದೆ ಜಾಸ್ತಿ ಹೊತ್ತು ನಿಲ್ಲಿಸುತ್ತಾರೆ. ಮರದ ಹಲಗೆಯ ಒಂದೊಂದೇ ಕೋಣೆ. 1990ರವರೆಗೂ ಅವುಗಳಲ್ಲಿ ಜನ ಬಾಡಿಗೆಗೆ ಇದ್ದರಂತೆ. ಅಂದರೆ ನಾನು ನೌಕರಿಗೆ ಸೇರಿ ಸ್ಕೂಟರ್ ಕೊಂಡ ಕಾಲ ಅದು.

ಇಲ್ಲಿ ಬೆಳೆಯುತ್ತಿದ್ದದ್ದು ಉದ್ದ ಎಳೆಯ ಸೀ ಐಲ್ಯಾಂಡ್ ಹತ್ತಿ. ತೋರಿಸಲಿಕ್ಕೆ ಅಂತ ಒಂದು ಮಡಿಯಲ್ಲಿ ಇನ್ನೂ ಬೆಳೆಯುತ್ತಾರೆ. ಗದಗ ಸೀಮೆಯವನಾದ ನನಗೆ ಕೈ ಸುಮ್ಮನಿರಲಿಲ್ಲ, ಒಂದು ಕಾಯಿ ಮುಟ್ಟಿ ನೋಡಿದೆ. ನಮ್ಮ ಕಡೆಗೂ ಈ ಕಥೆಯ ಒಂದು ಎಳೆ ಬಂದಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತಿ ಬೆಳೆಗಾರರನ್ನು ಹಿಂದುಸ್ತಾನಕ್ಕೆ ಕರೆಸಿದ್ದರು. ಬೇರೆ ಎಷ್ಟೋ ಕಡೆ ಪ್ರಯೋಗ ಕೆಟ್ಟಿತು. ನ್ಯೂ ಆರ್ಲಿಯನ್ಸ್ ಬೀಜ ನಮ್ಮ ಧಾರವಾಡ ಜಿಲ್ಲೆಯ ಎರೆಗೆ ಒಗ್ಗಿತು, ‘ಧಾರವಾಡ ಅಮೆರಿಕನ್’ ಅಂತ ಹೆಸರಾಯಿತು. ಆಮೇಲೆ 1861ರಲ್ಲಿ ಯುದ್ಧ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಇಲ್ಲ. ಧಾರವಾಡದ ಹತ್ತಿ ಬಂಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಸಾಲುಗಟ್ಟಿದವು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಬಿತ್ತು. ಇಲ್ಲಿ ಗುಲಾಮರ ಬಿಡುಗಡೆ, ಅಲ್ಲಿ ಹತ್ತಿ ಸಾಹುಕಾರರ ದಿವಾಳಿ. ಅಳಿಯನಿಗೆ ಇದು ಗೊತ್ತಿರಲಿಲ್ಲ. ಇದು ನಮ್ಮ ಶಾಲೆಯಲ್ಲೂ ಕಲಿಸಿದ ಪಾಠ ಅಲ್ಲ.

ಸೋಮವಾರ, ಬ್ಯೂಫೋರ್ಟ್

ಚಾರ್ಲ್ಸ್‌ಟನ್‌ನಿಂದ ದಕ್ಷಿಣಕ್ಕೆ ಹೋದರೆ ಉಪ್ಪುನೀರಿನ ಜವುಗು, ಸೇತುವೆ, ಮತ್ತೆ ಜವುಗು. ಬ್ಯೂಫೋರ್ಟ್ ಸಣ್ಣ ಊರು. ನಾನು ಇಲ್ಲಿಗೆ ಬಂದದ್ದು ಒಬ್ಬನೇ ಒಬ್ಬ ಮನುಷ್ಯನಿಗಾಗಿ. ಅವನು ರಾಬರ್ಟ್ ಸ್ಮಾಲ್ಸ್.

ಇದೇ ಊರಿನ ಒಂದು ಮನೆಯ ಹಿತ್ತಲಿನಲ್ಲಿ ಗುಲಾಮನಾಗಿ ಹುಟ್ಟಿದವನು. ಯುದ್ಧದ ಸಮಯದಲ್ಲಿ ದಕ್ಷಿಣದವರ ‘ಪ್ಲಾಂಟರ್’ ಅನ್ನುವ ಹಡಗು ನಡೆಸುವ ಕೆಲಸಕ್ಕೆ ಅವನನ್ನು ಹಾಕಿದ್ದರು. 1862ರ ಮೇ 13ರ ನಸುಕಿನಲ್ಲಿ ಬಿಳಿ ಅಧಿಕಾರಿಗಳು ದಡದಲ್ಲಿ ಮಲಗಿದ್ದರು. ಸ್ಮಾಲ್ಸ್ ಹೆಂಡತಿ ಮಕ್ಕಳನ್ನೂ ಜೊತೆಗಾರರನ್ನೂ ಹತ್ತಿಸಿಕೊಂಡ. ಕ್ಯಾಪ್ಟನ್‌ನ ಟೊಪ್ಪಿಗೆ ಹಾಕಿಕೊಂಡ. ಕೋಟೆಗಳ ಮುಂದೆ ಸರಿಯಾದ ಸೀಟಿ ಹೊಡೆಯುತ್ತಾ ಹಡಗನ್ನೇ ಉತ್ತರದವರ ಕೈಗೆ ಒಪ್ಪಿಸಿಬಿಟ್ಟ. ಆಮೇಲೆ ತಾನು ಗುಲಾಮನಾಗಿದ್ದ ಮನೆಯನ್ನೇ ತೆರಿಗೆ ಹರಾಜಿನಲ್ಲಿ ಕೊಂಡ. ಆ ಮನೆ ಪ್ರಿನ್ಸ್ ಸ್ಟ್ರೀಟಿನಲ್ಲಿ ಈಗಲೂ ಇದೆ. ಅಮೆರಿಕದ ಸಂಸತ್ತಿಗೂ ಆರಿಸಿಹೋದ.

ಯುದ್ಧ ಮುಗಿದ ಮೇಲಿನ ಹತ್ತು ಹನ್ನೆರಡು ವರ್ಷಗಳ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಕಮ್ಮಿ. ಗುಲಾಮರಾಗಿದ್ದವರು ಓಟು ಹಾಕಿದರು, ಶಾಸಕರಾದರು, ಸರ್ಕಾರಿ ಶಾಲೆ ತೆರೆದರು. ಸೌತ್ ಕ್ಯಾರೊಲಿನಾದ ಕೆಳಮನೆಯಲ್ಲಿ ಅವರದೇ ಬಹುಮತ ಇತ್ತು. 1877ರಲ್ಲಿ ಉತ್ತರದವರು ಸಾಕಾಯಿತಪ್ಪಾ ಅಂತ ಕೈತೊಳೆದುಕೊಂಡು ಸೈನ್ಯ ಹಿಂತೆಗೆದರು. ಬಂದೂಕು, ಕಪ್ಪು ಜನರ ಮೇಲೆ ದಾಳಿ ಮಾಡುವ ಬಿಳಿಯರ ಗುಂಪು ಕು ಕ್ಲುಕ್ಸ್ ಕ್ಲಾನ್, ಆಮೇಲೆ ಕಾನೂನು. 1895ರಲ್ಲಿ ಈ ರಾಜ್ಯ ಹೊಸ ಸಂವಿಧಾನ ಬರೆಯಿತು. ಓದು ಬರಬೇಕು, ಇಷ್ಟು ಆಸ್ತಿ ಇರಬೇಕು, ತೆರಿಗೆ ಕಟ್ಟಿರಬೇಕು ಅಂತ ಷರತ್ತು ಹಾಕಿ ಕಪ್ಪು ಜನರ ಓಟು ಕಿತ್ತುಕೊಂಡರು. ಆ ಸಭೆಯಲ್ಲಿ ಎದ್ದು ನಿಂತು ವಿರೋಧಿಸಿದವರಲ್ಲಿ ವಯಸ್ಸಾದ ಸ್ಮಾಲ್ಸ್ ಒಬ್ಬ. ಈ ರಾಜ್ಯದ ಕೊನೆಯ ಕಪ್ಪು ಸಂಸದನ ಅವಧಿ 1897ಕ್ಕೆ ಮುಗಿಯಿತು. ಮುಂದಿನವರು ಬಂದದ್ದು 1993ರಲ್ಲಿ. 96 ವರ್ಷ!

ಗುಲಾಮಗಿರಿಯ ನೆನಪಿಗಿಂತ ನನ್ನನ್ನು ಕಾಡಿದ್ದು ಈ ಲೆಕ್ಕ. ಇವತ್ತಿನ ಅಮೆರಿಕದ ವರ್ಣಭೇದ ಗುಲಾಮಗಿರಿಯ ಹಳೇ ಕಲೆ ಅಂತ ಜನ ಹೇಳುತ್ತಾರೆ. ಇಲ್ಲಿ ಓಡಾಡಿದರೆ ಹಾಗೆ ಅನಿಸುವುದಿಲ್ಲ. ಒಮ್ಮೆ ಬಾಗಿಲು ತೆರೆದಿತ್ತು. ಕೂತು, ಯೋಚಿಸಿ, ಮತ ಹಾಕಿ, ಮುಚ್ಚಿದರು.

ಮಂಗಳವಾರ, ಸವಾನ್ನಾ

ಮ್ಯಾಡಿಸನ್ ಚೌಕದ ಗ್ರೀನ್-ಮೆಲ್ಡ್ರಿಮ್ ಮನೆ. ಉತ್ತರದ ಜನರಲ್ ಶೆರ್ಮನ್ 1864ರ ಕೊನೆಯಲ್ಲಿ ಸವಾನ್ನಾ ಗೆದ್ದು ಇಲ್ಲಿ ತಂಗಿದ್ದ. 1865ರ ಜನವರಿ 12ರಂದು 20 ಮಂದಿ ಕಪ್ಪು ಪಾದ್ರಿಗಳನ್ನು ಕರೆಸಿ, ನಿಮ್ಮ ಜನಕ್ಕೆ ಏನು ಬೇಕು ಅಂತ ಕೇಳಿದರು. ಅವರ ಪರವಾಗಿ ಮಾತಾಡಿದವರು 67 ವಯಸ್ಸಿನ ಗ್ಯಾರಿಸನ್ ಫ್ರೇಜಿಯರ್. 1,000 ಡಾಲರ್ ಬೆಳ್ಳಿ ಬಂಗಾರ ಕೊಟ್ಟು ತನ್ನನ್ನೂ ಹೆಂಡತಿಯನ್ನೂ ಬಿಡಿಸಿಕೊಂಡಿದ್ದವರು. ನಮಗೆ ಜಮೀನು ಬೇಕು, ನಮ್ಮ ದುಡಿಮೆಯಿಂದಲೇ ಉತ್ತು ಬೆಳೆದುಕೊಳ್ಳುತ್ತೇವೆ ಅಂದರು.

ನಾಲ್ಕೇ ದಿನಕ್ಕೆ ಆದೇಶ ಹೊರಟಿತು. ಚಾರ್ಲ್ಸ್‌ಟನ್‌ನಿಂದ ಫ್ಲೋರಿಡಾವರೆಗಿನ ಕರಾವಳಿ ಪಟ್ಟಿಯಲ್ಲಿ ಕುಟುಂಬಕ್ಕೆ 40 ಎಕರೆಯವರೆಗೆ. ಸುಮಾರು 40,000 ಜನ ಹೊಲಕ್ಕೆ ಇಳಿದರು. ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾಯಿತು. ಅವರ ಜಾಗಕ್ಕೆ ಬಂದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಜಮೀನೆಲ್ಲ ಹಳೇ ಯಜಮಾನರಿಗೆ ವಾಪಸ್ ಕೊಡಿಸಿದ. ಉತ್ತಿದ್ದವರು ಅದೇ ಹೊಲದಲ್ಲಿ ಕೂಲಿಗೆ, ಪಾಲಿಗೆ ನಿಂತರು. 1974ರ ಭೂಸುಧಾರಣೆಯಲ್ಲಿ ಗೇಣಿ ಹೊಲ ಕೈಗೆ ಬಂದ ಮನೆಗಳನ್ನು ನಾನು ನೋಡಿದ್ದೇನೆ. ಎಂಟು ಎಕರೆ ಬಂದರೆ ಮಕ್ಕಳು ಕಾಲೇಜು ಮೆಟ್ಟಿಲು ಹತ್ತುತ್ತಾರೆ. ಕಿತ್ತುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಒಂದು ಅಂಕಿ ಸಾಕು. 2022ರ ಅಮೆರಿಕದ ಫೆಡರಲ್ ರಿಸರ್ವ್ ಸಮೀಕ್ಷೆಯಲ್ಲಿ ನಡು ಮಟ್ಟದ ಬಿಳಿ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು ಸುಮಾರು 45,000. ಇನ್ನೊಂದು ಮಾತು. ರಾಜಧಾನಿ ವಾಷಿಂಗ್ಟನ್‌ನಲ್ಲಿ 1862ರಲ್ಲಿ ಗುಲಾಮರನ್ನು ಬಿಡಿಸಿದಾಗ ಸರ್ಕಾರ ಪರಿಹಾರ ಕೊಟ್ಟಿತ್ತು. ತಲೆಗೆ 300 ಡಾಲರ್‌ವರೆಗೆ. ಅದು ಸಂದದ್ದು ಯಜಮಾನರಿಗೆ.

ಇದೇ ಸವಾನ್ನಾದಲ್ಲಿ 1861ರ ಮಾರ್ಚ್‌ನಲ್ಲಿ ಕಾನ್ಫೆಡರೆಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಭಾಷಣ ಮಾಡಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮ ಅಲ್ಲ ಅನ್ನುವುದೇ ನಮ್ಮ ಹೊಸ ದೇಶದ ಮೂಲೆಗಲ್ಲು ಅಂದಿದ್ದ. ಭಾನುವಾರದ ಮೇಷ್ಟ್ರು ನೆನಪಾದರು.

ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ಹೊರಟೆವು. ಜಾರ್ಜಿಯಾವನ್ನು ಅಡ್ಡಕ್ಕೆ ದಾಟುವುದು ಬೇಜಾರಿನ ದಾರಿ. ಪೈನ್ ಮರ, ಪೈನ್ ಮರ, ಒಂದು ಪೆಟ್ರೋಲ್ ಬಂಕ್. ರಾತ್ರಿ ಒಂದು ಸಣ್ಣ ಊರಿನ ಮೋಟೆಲ್‌ನಲ್ಲಿ ತಂಗಿದೆವು. ಮಾಲೀಕರು ಗುಜರಾತಿ, ಎಪ್ಪತ್ತು ದಾಟಿದವರು. ಅಗರಬತ್ತಿ ವಾಸನೆ, ರಿಸೆಪ್ಷನ್‌ನ ಹಿಂದೆಯೇ ಮನೆ. ಚಹಾ ಕೊಟ್ಟು ಹಳೇ ಕಥೆ ತೆಗೆದರು. ಅವರು ಬಂದ ಹೊಸದರಲ್ಲಿ ಎದುರಿನ ಮೋಟೆಲ್‌ನವನು ‘ಅಮೆರಿಕನ್ನರ ಒಡೆತನದ್ದು’ ಅಂತ ಬೋರ್ಡ್ ಹಾಕಿದ್ದನಂತೆ. ಗಿರಾಕಿ ಇವರ ಕಡೆ ಬರಬಾರದು ಅಂತ. ಇನ್ಶೂರೆನ್ಸ್ ಕೂಡ ಕೊಡುತ್ತಿರಲಿಲ್ಲವಂತೆ. ಅದೇ ಉಸಿರಿನಲ್ಲಿ, "ರೈಲು ಹಳಿಯ ಆ ಕಡೆ ಹೋಗಬೇಡಿ, ಅಲ್ಲಿ ಕಾಲೇ ಲೋಗ್ ಜಾಸ್ತಿ" ಅಂದರು.

ಕೋಣೆಗೆ ಬಂದ ಮೇಲೆ ಅಳಿಯ ಹೇಳಿದ. ಆಫೀಸಿನ ನಮ್ಮವರೂ ಹೀಗೇ ಮಾತಾಡ್ತಾರ ಮಾಮಾ, ಇಂಗ್ಲಿಷಿನೊಳಗ, ಅಷ್ಟೇ. ನಾವೆಲ್ಲ ಈ ದೇಶಕ್ಕೆ ಬಂದದ್ದು 1965ರ ವಲಸೆ ಕಾಯ್ದೆಯಿಂದ. ಕಪ್ಪು ಜನ ಬೀದಿಯಲ್ಲಿ ಪೆಟ್ಟು ತಿಂದು ಗೆದ್ದ ಕಾಯ್ದೆಗಳ ಹಿಂದೆಯೇ ಅದೂ ಬಂತು. ಅದಕ್ಕೂ ಮುಂಚೆ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿ ಸಿಖ್ ನಾನೂ ಆರ್ಯ, ಮೇಲ್ಜಾತಿಯವನು, ಹಾಗಾಗಿ ಬಿಳಿಯನೇ ಅಂತ ವಾದಿಸಿ ಪೌರತ್ವ ಕೇಳಿದ್ದರು. ಸುಪ್ರೀಂ ಕೋರ್ಟ್ ಕೊಡಲಿಲ್ಲ. ಕೋರ್ಟಿನ ಮನಸ್ಸಿಗಿಂತ ಆ ವಾದವೇ ನನಗೆ ಹೆಚ್ಚು ಪರಿಚಿತ ಅನಿಸಿತು.

ಬುಧವಾರ, ಮಾಂಟ್ಗೊಮರಿ

ಅಲಬಾಮಾದ ಈ ರಾಜಧಾನಿಯಲ್ಲಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದೆ. ಶಾಸನಸಭೆಯ ಮೆಟ್ಟಿಲ ಮೇಲೆ ಒಂದು ಹಿತ್ತಾಳೆ ನಕ್ಷತ್ರ. 1861ರ ಫೆಬ್ರವರಿಯಲ್ಲಿ ಜೆಫರ್ಸನ್ ಡೇವಿಸ್ ಕಾನ್ಫೆಡರೆಸಿಯ ಅಧ್ಯಕ್ಷನಾಗಿ ಪ್ರಮಾಣ ಮಾಡಿದ ಜಾಗ. ಅಲ್ಲಿ ನಿಂತು ಎದುರು ನೋಡಿದರೆ ಕೂಗಳತೆಯಲ್ಲಿ ಕೆಂಪು ಇಟ್ಟಿಗೆಯ ಚರ್ಚು. ಮಾರ್ಟಿನ್ ಲೂಥರ್ ಕಿಂಗ್ 1954ರಿಂದ ಪಾದ್ರಿಯಾಗಿದ್ದ ಚರ್ಚು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಮಹಿಳೆ ಬಿಳಿಯರಿಗೆ ಬಸ್ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದದ್ದೂ ಇದೇ ಊರಲ್ಲಿ. 381 ದಿನ ಜನ ಬಸ್ ಹತ್ತದೆ ನಡೆದರು. ಡೇವಿಸ್ ಪ್ರತಿಮೆ ಈಗಲೂ ನಿಂತಿದೆ. 40 ವರ್ಷ ದಾಟಿದ ಸ್ಮಾರಕಗಳನ್ನು ತೆಗೆಯದಂತೆ 2017ರಲ್ಲಿ ಕಾನೂನೇ ಮಾಡಿದ್ದಾರೆ. ಕಿಂಗ್ ಹುಟ್ಟುಹಬ್ಬದ ರಜೆಯನ್ನು ಈ ರಾಜ್ಯ ಕಾನ್ಫೆಡರೇಟ್ ಜನರಲ್ ರಾಬರ್ಟ್ ಲೀ ಹುಟ್ಟುಹಬ್ಬದ ಜೊತೆ ಸೇರಿಸಿ ಆಚರಿಸುತ್ತದೆ. ಇದನ್ನು ಯಾರಾದರೂ ಕಟ್ಟಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

1901ರಲ್ಲಿ ಇಲ್ಲಿ ಬರೆದ ರಾಜ್ಯ ಸಂವಿಧಾನ ಬಿಳಿಯರ ಪ್ರಭುತ್ವ ಸ್ಥಾಪಿಸಲಿಕ್ಕೆ ಅಂತ ಆ ಸಭೆಯ ಅಧ್ಯಕ್ಷನೇ ಬಾಯಿಬಿಟ್ಟು ಹೇಳಿದ್ದ. ಅದರಲ್ಲಿನ ವರ್ಣಭೇದದ ಮಾತುಗಳನ್ನು ತೆಗೆದು ಹಾಕಲು ಜನ ಮತ ಹಾಕಿದ್ದು 2022ರಲ್ಲಿ.

ಗುಡ್ಡದ ಮೇಲಿನ ಶಾಂತಿ ಮತ್ತು ನ್ಯಾಯದ ರಾಷ್ಟ್ರೀಯ ಸ್ಮಾರಕ 2018ರಲ್ಲಿ ತೆರೆದದ್ದು. 1877ರಿಂದ 1950ರವರೆಗೆ ಗುಂಪು ಸೇರಿ ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರದ್ದು. ತುಕ್ಕು ಬಣ್ಣದ 800ಕ್ಕೂ ಜಾಸ್ತಿ ಉಕ್ಕಿನ ಕಂಬಗಳು, ಒಂದೊಂದು ಕೌಂಟಿಗೆ (ಅಂದರೆ ನಮ್ಮ ಜಿಲ್ಲೆ, ತಾಲ್ಲೂಕಿನಂಥ ಭಾಗಕ್ಕೆ) ಒಂದೊಂದು, ಅದರ ಮೇಲೆ ಹೆಸರು, ತಾರೀಕು. ಶುರುವಿನಲ್ಲಿ ಕಂಬಗಳು ಮನುಷ್ಯರ ಎತ್ತರಕ್ಕೆ ನಿಂತಿವೆ. ನಡೆಯುತ್ತಾ ಹೋದಂತೆ ನೆಲ ಕೆಳಗೆ ಇಳಿಯುತ್ತದೆ, ಕಂಬಗಳು ತಲೆಯ ಮೇಲೆ ತೂಗುತ್ತವೆ. ಗೋಡೆಯ ಮೇಲೆ ಕಾರಣಗಳನ್ನು ಬರೆದಿದ್ದಾರೆ. ಓದಿದರೆ ಕಾರಣ ಅನ್ನಲಿಕ್ಕೇ ನಾಚಿಕೆಯಾಗುತ್ತದೆ. ಇವರಲ್ಲಿ ಯಾರೂ ಗುಲಾಮರಲ್ಲ. ಕಾನೂನಿನ ಪ್ರಕಾರ ಎಲ್ಲರೂ ಸ್ವತಂತ್ರ ಪ್ರಜೆಗಳು.

ಅಳಿಯ ನನ್ನನ್ನು ಬಿಟ್ಟು ಜಾರ್ಜಿಯಾದ ಕಂಬಗಳ ನಡುವೆ ಏನೋ ಹುಡುಕುತ್ತಿದ್ದ. ಆಮೇಲೆ ಕರೆದ. "ಮಾಮಾ, ಇಲ್ಲಿ ನೋಡ್ರಿ." ಫೋರ್ಸೈತ್ ಕೌಂಟಿ. ರಾಬ್ ಎಡ್ವರ್ಡ್ಸ್, 1912. ಅವನೂ ಅವನ ಹೆಂಡತಿಯೂ ಮನೆ ಕೊಳ್ಳಲು ನೋಡುತ್ತಿರುವುದು ಅದೇ ಕೌಂಟಿಯಲ್ಲಿ.

ಗುರುವಾರ, ಲೌಂಡ್ಸ್ ಮತ್ತು ಸೆಲ್ಮಾ

ಮಾಂಟ್ಗೊಮರಿಯಿಂದ ಸೆಲ್ಮಾಗೆ ಹೋಗುವ ಹೆದ್ದಾರಿ 80, ನಡುವೆ ಲೌಂಡ್ಸ್ ಕೌಂಟಿ. ಇದು ಬ್ಲ್ಯಾಕ್ ಬೆಲ್ಟ್ ಅನ್ನುವ ಕಪ್ಪು ಮಣ್ಣಿನ ಸೀಮೆ. ಸೆಪ್ಟೆಂಬರ್ ಕೊನೆ, ಹತ್ತಿ ಒಡೆಯುವ ಕಾಲ. ಒಂದು ಕಡೆ ಇಳಿದು ನೋಡಿದರೆ ಮಣ್ಣು ನಮ್ಮೂರ ಎರೆಯ ಹಾಗೇ ಬಿರುಕು ಬಿಟ್ಟಿತ್ತು.

1965ರ ಶುರುವಿನಲ್ಲಿ ಇಲ್ಲಿನ ಜನಸಂಖ್ಯೆಯಲ್ಲಿ ಹತ್ತಕ್ಕೆ ಎಂಟು ಮಂದಿ ಕಪ್ಪು ಜನ. ಮತದಾರರ ಪಟ್ಟಿಯಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ. ಹೆಸರು ಬರೆಸಲು ಹೋದವರನ್ನು ಭೂಮಾಲೀಕರು ಗುಡಿಸಲಿನಿಂದ ಹೊರಗೆ ಹಾಕಿದರು. ಅವರು ಡೇರೆಯಲ್ಲಿ ಬದುಕುತ್ತಾ ತಮ್ಮದೇ ಪಕ್ಷ ಕಟ್ಟಿದರು. ಓದಲು ಬಾರದವರು ಜಾಸ್ತಿ, ಹಾಗಾಗಿ ಇಲ್ಲೂ ನಮ್ಮ ಹಾಗೆ ಚುನಾವಣಾ ಚಿಹ್ನೆ ಇತ್ತು. ರಾಜ್ಯದ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಬಿಳಿ ಹುಂಜ, ಅದರ ಮೇಲೆ ಬಿಳಿಯರ ಪ್ರಭುತ್ವದ ಘೋಷಣೆ. ಇವರು ಕಪ್ಪು ಚಿರತೆ ಆರಿಸಿಕೊಂಡರು. ಆ ಚಿರತೆ ಮರುವರ್ಷ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಆಯಿತು. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಆಯಿತು. ಆ ಗಾಳಿ ಅದೇ ದಶಕದಲ್ಲಿ ಕರ್ನಾಟಕಕ್ಕೂ ಬಂತು, ದಲಿತ ಸಂಘರ್ಷ ಸಮಿತಿಯ ದಿನಗಳಲ್ಲಿ. ಹತ್ತಿ ಬೀಜ ಬಂದ ದಾರಿಯಲ್ಲೇ ಇದೂ ಬಂತು ಅಂತ ಹೇಳಿದರೆ ಅಳಿಯ ನಕ್ಕ.

ಈಗಿನ ಲೌಂಡ್ಸ್‌ನ ಸುದ್ದಿ ಚರಂಡಿಯದು. ಈ ಜಿಗುಟು ಮಣ್ಣು ನೀರು ಹೀರುವುದಿಲ್ಲ. ಬಡವರ ಮನೆಯ ಕಕ್ಕಸಿನ ನೀರು ಹಿತ್ತಲಿನಲ್ಲೇ ನಿಲ್ಲುತ್ತದೆ. 2017ರಲ್ಲಿ ಇಲ್ಲಿನ ಜನರಲ್ಲಿ ಕೊಕ್ಕೆಹುಳು ಪತ್ತೆಯಾಯಿತು, ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ. 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡು ಸರಿಪಡಿಸಲು ಹೊರಟಿತು. 2025ರ ಏಪ್ರಿಲ್‌ನಲ್ಲಿ ಹೊಸ ಸರ್ಕಾರ ಆ ಒಪ್ಪಂದ ಕೈಬಿಟ್ಟಿತು.

ಸೆಲ್ಮಾದ ಎಡ್ಮಂಡ್ ಪೆಟಸ್ ಸೇತುವೆ ನಡುವೆ ಉಬ್ಬಿದೆ. ಊರ ಕಡೆಯಿಂದ ಹತ್ತುವಾಗ ಆಚೆ ಏನಿದೆ ಕಾಣುವುದಿಲ್ಲ. 1965ರ ಮಾರ್ಚ್ 7ರಂದು ಓಟಿನ ಹಕ್ಕು ಕೇಳಿ ಹೊರಟ ಸುಮಾರು 600 ಜನ ತುದಿ ತಲುಪಿದಾಗಲೇ ಲಾಠಿ ಹಿಡಿದ ಪೊಲೀಸರ ಗೋಡೆ ಕಂಡದ್ದು. ಮೆರವಣಿಗೆಯ ಮುಂದಿದ್ದ ಜಾನ್ ಲೂಯಿಸ್ ತಲೆಬುರುಡೆ ಬಿರಿಯಿತು. ಟೀವಿಯಲ್ಲಿ ದೇಶ ನೋಡಿತು. ಆಗಸ್ಟ್‌ನಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂತು. ಅಲಬಾಮಾದಂಥ ರಾಜ್ಯಗಳು ಓಟಿನ ನಿಯಮ ಬದಲಿಸಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು ಎಂಬುದೇ ಅದರ ಹಲ್ಲು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಹಲ್ಲು ಕಿತ್ತಿತು. ದಾವೆ ಹೂಡಿದ್ದು ಇದೇ ಅಲಬಾಮಾದ ಶೆಲ್ಬಿ ಕೌಂಟಿ.

ಸೇತುವೆಗೆ ಹೆಸರು ಕೊಟ್ಟ ಪೆಟಸ್ ಕೂಡ ಕಾನ್ಫೆಡರೇಟ್ ಜನರಲ್, ಆಮೇಲೆ ಸೆನೆಟರ್. ಸೇತುವೆ ಕಟ್ಟಿದ್ದು 1940ರಲ್ಲಿ. ಅವನು ಸತ್ತು 30 ವರ್ಷ ಕಳೆದ ಮೇಲೆ ಅವನ ಹೆಸರು ಇಟ್ಟರು.

ಸೆಲ್ಮಾ ಊರು ನೋಡಲು ಸಂಕಟವಾಗುತ್ತದೆ. ಮುಚ್ಚಿದ ಅಂಗಡಿಗಳು. 2023ರ ಸುಂಟರಗಾಳಿಗೆ ಮುರಿದ ಮನೆಗಳು. ಪ್ರವಾಸಿಗರು ಸೇತುವೆ ಮೇಲೆ ಫೋಟೋ ತೆಗೆದುಕೊಂಡು ಊಟಕ್ಕೆ ಮಾಂಟ್ಗೊಮರಿಗೆ ವಾಪಸ್ ಹೋಗುತ್ತಾರೆ. ನಾವು ಇಲ್ಲೇ ಉಂಡೆವು. ಬೆಂಡೆಕಾಯಿ ಹುರಿದದ್ದು, ಅಲಸಂದೆ ಕಾಳು, ಜೋಳದ ಬ್ರೆಡ್. ಬಡಿಸಿದ ಹೆಂಗಸು, ಕಪ್ಪು ಬಣ್ಣದವರು, ನನಗಿಂತ ಹಿರಿಯರು, ಬೆಂಡೆಕಾಯಿ ನಿಮ್ಮಲ್ಲೂ ತಿಂತೀರಾ ಅಂತ ಕೇಳಿದರು. ಶಾಲೆಗಳಲ್ಲಿ ಬಿಳಿಯರೂ ಕಪ್ಪು ಮಕ್ಕಳೂ ಕೂಡಿ ಕಲಿಯಬೇಕು ಅಂತಾದಾಗ ಬಿಳಿಯರು ಹೊಸ ಖಾಸಗಿ ಶಾಲೆ ಕಟ್ಟಿಕೊಂಡು ಹೊರಟುಹೋದ ಕಥೆ ಹೇಳಿದರು. "ನಾನು ಕಲಿತಾಗ ನಮ್ಮ ಶಾಲೆಯಲ್ಲಿ ಬಿಳಿ ಮಕ್ಕಳಿರಲಿಲ್ಲ, ನನ್ನ ಮೊಮ್ಮಗನ ಕ್ಲಾಸಿನಲ್ಲೂ ಇಲ್ಲ" ಅಂದರು. ಸಿಟ್ಟಿನಿಂದ ಅಲ್ಲ, ಲೆಕ್ಕ ಒಪ್ಪಿಸುವವರ ಹಾಗೆ.

ಶುಕ್ರವಾರ, ವಾಪಸ್

ಟಸ್ಕೀಗಿಯಲ್ಲಿ ಕಾಫಿಗೆ ನಿಂತೆವು. ಇಲ್ಲಿ 1932ರಿಂದ 1972ರವರೆಗೆ ಸರ್ಕಾರದ ವೈದ್ಯರು ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ಮದ್ದು ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಿದ್ದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಕಪ್ಪು ಜನ ಆಸ್ಪತ್ರೆ ನಂಬುವುದಿಲ್ಲ ಅಂತ ಬೈಯುವವರು ಈ ಊರಿಗೆ ಒಮ್ಮೆ ಬರಬೇಕು. ಉಳಿದ ದಾರಿ ಮಳೆ.

ಶನಿವಾರ, ಫೋರ್ಸೈತ್

ಅಟ್ಲಾಂಟಾದ ಉತ್ತರಕ್ಕೆ ಮುಕ್ಕಾಲು ಗಂಟೆ. ಹೊಸ ಬಡಾವಣೆಗಳು, ಅಗಲ ರಸ್ತೆ, ಇಂಡಿಯನ್ ಅಂಗಡಿ, ಶಾಲೆಯ ಮುಂದೆ ನಮ್ಮ ಮುಖಗಳೇ ಜಾಸ್ತಿ. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ಅಳಿಯನ ಹೆಂಡತಿ ಮೈಸೂರಿನವಳು, ಮನೆಗಳ ಪಟ್ಟಿ ಮಾಡಿ ಇಟ್ಟಿದ್ದಳು.

1912ರ ಸೆಪ್ಟೆಂಬರಿನಲ್ಲಿ ಇಲ್ಲಿ ಒಬ್ಬ ಬಿಳಿ ಯುವತಿಯ ಮೇಲೆ ಹಲ್ಲೆಯಾಗಿ ಅವಳು ಸತ್ತಳು. ಜನ ಜೈಲಿಗೆ ನುಗ್ಗಿ ರಾಬ್ ಎಡ್ವರ್ಡ್ಸ್‌ನನ್ನು ಎಳೆದು ಕೊಂದರು. ಇನ್ನಿಬ್ಬರು ಹದಿಹರೆಯದ ಹುಡುಗರಿಗೆ ಗಡಿಬಿಡಿಯ ವಿಚಾರಣೆ, ಸಾವಿರಾರು ಜನರೆದುರು ಗಲ್ಲು. ಆಮೇಲೆ ರಾತ್ರಿ ಸವಾರರು ಮನೆ ಮನೆಗೆ ಹೋಗಿ ಕೌಂಟಿಯ ಕಪ್ಪು ಜನರನ್ನೆಲ್ಲ ಓಡಿಸಿದರು. ಸಾವಿರದಷ್ಟು ಮಂದಿ. ಬಿಟ್ಟುಹೋದ ಹೊಲಗಳಲ್ಲಿ ಕೆಲವನ್ನು ಚಿಲ್ಲರೆ ಬೆಲೆಗೆ ಕೊಂಡರು, ಕೆಲವನ್ನು ಸುಮ್ನೆ ಹೊಡೆದುಕೊಂಡರು. ಮುಂದಿನ ಎಪ್ಪತ್ತೈದು ವರ್ಷ ಇದು ಬಿಳಿಯರ ಕೌಂಟಿಯಾಗಿಯೇ ಉಳಿಯಿತು. 1987ರ ಜನವರಿಯಲ್ಲಿ ವರ್ಣಭೇದದ ವಿರುದ್ಧ ಒಂದು ಸಣ್ಣ ಮೆರವಣಿಗೆ ಬಂದಾಗ ಕಲ್ಲು ಬಿದ್ದವು. ಮರುವಾರ ಸುಮಾರು 20,000 ಜನ ಸೈನ್ಯದ ಕಾವಲಿನಲ್ಲಿ ಬಂದರು. ಅದಾದ ಮೇಲೆ ಐಟಿ ಕೆಲಸ, ಒಳ್ಳೆ ಶಾಲೆ, ನಮ್ಮವರು.

ಶಾಲೆ ಯಾಕೆ ಒಳ್ಳೆಯದು? ಶಾಲೆಯ ದುಡ್ಡಿನಲ್ಲಿ ದೊಡ್ಡ ಪಾಲು ಸ್ಥಳೀಯ ಮನೆ ತೆರಿಗೆಯಿಂದ ಬರುತ್ತದೆ. ದುಬಾರಿ ಮನೆ, ದುಡ್ಡಿರುವ ಶಾಲೆ. ಯಾವ ಓಣಿಯ ಮನೆಗೆ ಬೆಲೆ ಬರುತ್ತದೆ ಅನ್ನುವುದನ್ನು 1930ರ ದಶಕದಲ್ಲಿ ಸರ್ಕಾರವೇ ನಕ್ಷೆ ಮಾಡಿ, ಕಪ್ಪು ಜನರ ಓಣಿಗಳಿಗೆ ಕೆಂಪು ಬಳಿದು, ಅಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಗುರುತು ಹಾಕಿತು. 1974ರಲ್ಲಿ ಡೆಟ್ರಾಯಿಟ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಬಿಳಿ, ಕಪ್ಪು ಮಕ್ಕಳನ್ನು ಕೂಡಿಸಿ ಕಲಿಸುವ ಹೊಣೆ ಸಾಮಾನ್ಯವಾಗಿ ಶಾಲಾ ಜಿಲ್ಲೆಯ ಗಡಿಯಲ್ಲೇ ನಿಲ್ಲುತ್ತದೆ ಅಂದಿತು. ಗಡಿ ದಾಟಿ ಮನೆ ಕೊಂಡರೆ ಆಯಿತು. ಯಾರನ್ನೂ ದ್ವೇಷಿಸಬೇಕಾಗಿಲ್ಲ, ಬಾವುಟ ಹಿಡಿಯಬೇಕಾಗಿಲ್ಲ.

ಮನೆ ತೋರಿಸಿದ ಏಜೆಂಟ್ ನಮ್ಮವರೇ, ಹೈದರಾಬಾದ್ ಕಡೆಯವರು. ನಾಲ್ಕು ಬೆಡ್‌ರೂಮ್, ಹಿಂದೆ ಕಾಡು, ಪೂರ್ವಕ್ಕೆ ಬಾಗಿಲು. ಶಾಲೆಗೆ ಹತ್ತಕ್ಕೆ ಹತ್ತು ರೇಟಿಂಗ್ ಅಂತ ಎರಡು ಸಲ ಹೇಳಿದರು. ಈ ಜಾಗ 1912ಕ್ಕೆ ಮುಂಚೆ ಯಾರದಿತ್ತು ಅಂತ ಅಳಿಯ ಕೇಳಿದ. ಅವರು ಗಲಿಬಿಲಿಗೊಂಡು, ಟೈಟಲ್ ಪೂರ್ತಿ ಕ್ಲಿಯರ್ ಇದೆ ಸರ್ ಅಂದರು.

ಅಲ್ಲಿಂದ ಕಮಿಂಗ್ ಪೇಟೆಗೆ ಹೋದೆವು. ಎಡ್ವರ್ಡ್ಸ್ ಕೊಲೆಯ ಬಗ್ಗೆ 2021ರಲ್ಲಿ ಒಂದು ಫಲಕ ಹಾಕಿದ್ದಾರೆ. ಮೂವರೂ ನಿಂತು ಓದಿದೆವು. ಕೊಳ್ಳಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಅವರ ಮಗಳಿಗೆ ಆರು ವರ್ಷ, ಆ ಶಾಲೆಗೆ ಹೋಗಲಿ ಅಂತಲೇ ನನ್ನ ಮನಸ್ಸೂ ಹೇಳುತ್ತಿತ್ತು. "ನಾವು ಬಿಟ್ರ ಇನ್ನೊಬ್ಬರು ತಗೋತಾರ, ಅಲ್ಲೇನ್ರಿ ಮಾಮಾ?" ಅಂತ ಅಳಿಯ ಕೇಳಿದ. ಅವನ ಹೆಂಡತಿ, "ತಗೋತಾರೆ ಅಂತ ಗೊತ್ತು. ಅದು ಉತ್ತರ ಅಲ್ಲ" ಅಂದಳು. ಆಫರ್ ಹಾಕಲು ಭಾನುವಾರ ಸಂಜೆಯವರೆಗೆ ಸಮಯ ಇತ್ತು. ಕಾರಿನಲ್ಲಿ ಇಬ್ಬರೂ ಬಡ್ಡಿದರದ ಬಗ್ಗೆ ಮಾತಾಡಿದರು. ಮರುದಿನ ಹಾಕಿದರು.